ಗೇಟಿನ ಲೆಕ್ಕ

ಟೆಡ್ ಗೋಲ್ಡ್ ಅನ್ನುವುದು ಗಾಳಿಯಲ್ಲಿ ಮಾತ್ರ.
ಚೆಕ್ಕಿನ ಮೇಲೆ ತಾಡಿಯೂಸ್ ಗೊರ್ಸ್ಕಿ,
ವಾರಕ್ಕೆ ಎಂಬತ್ತೆಂಟು ಡಾಲರು,
ತೆರಿಗೆ ಕಳೆದು ಎಪ್ಪತ್ತೊಂದು ಚಿಲ್ಲರೆ.
ನಾನು ಅವನ ಅಕ್ಕನ ಮಗಳು, ಡೆಲ್ಫೀನ್.
ಹದಿನೇಳಕ್ಕೇ ಅವನ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು,
ಮನೆಯಲ್ಲಿ ಕಳೆಯುವ ಲೆಕ್ಕ ಬರುತ್ತಿದ್ದುದು ನನಗೊಬ್ಬಳಿಗೇ.

ಈರಿ. ಊರಿಗೂ ನೀರಿಗೂ ಒಂದೇ ಹೆಸರು.
ಸಂಜೆ ಏಳರಿಂದ ಹನ್ನೊಂದು ಅವನ ದನಿ:
ಕಾರ್ಖಾನೆಯ ಎರಡನೇ ಪಾಳಿಗೆ,
ಪಾತ್ರೆ ತೊಳೆಯುವ ಕೈಗಳಿಗೆ,
ಕಂಬಳಿಯೊಳಗೆ ಕದ್ದು ಕೇಳುವ ಹುಡುಗಿಯರಿಗೆ.
ಊರೆಲ್ಲ ಅವನನ್ನು ಸಾಹುಕಾರ ಅಂದುಕೊಂಡಿತ್ತು,
ದನಿಗಿಷ್ಟು ಹೊಳಪಿದ್ದರೆ ಜೇಬಿಗೆ ಇರದೇ?
ಬಾರಿನಲ್ಲಿ ಬಿಲ್ಲು ಅವನೇ ಕೊಡಬೇಕು. ಕೊಡುತ್ತಿದ್ದ.
ಆಮೇಲೆ ಅಮ್ಮನ ಹತ್ತಿರ ಪೆಟ್ರೋಲಿಗೆ ಎರಡು ಡಾಲರು.

ಸಂಬಳ ಸಾಲದ ದನಿಗಳು ಆಗ ಮಾಡುತ್ತಿದ್ದುದನ್ನೇ ಮಾಡಿದ.
ಸೈನ್ಯದ ಹಳೇ ಕವಾಯತು ಹಾಲ್ ಬಾಡಿಗೆಗೆ ಹಿಡಿದ,
ಪರಊರ ಗಾಯಕರನ್ನು ಕರೆಸಿದ,
ತಾನೇ ರೆಕಾರ್ಡು ಹಾಕಿ, ತಾನೇ ಹೊಗಳಿ, ತಾನೇ ಟಿಕೆಟ್ಟು ಮಾರಿದ.
ಸ್ಟೇಷನ್ನಿಗೆ ನೂರಕ್ಕೆ ಹದಿನೈದು, ಪೊಲೀಸರಿಗೆ ಕಾಫಿ,
ಅಗ್ನಿಶಾಮಕದವನಿಗೆ ಕೊಟ್ಟದ್ದನ್ನು ಏನೆಂದು ಬರೆಯಲಿ?
‘ಹೂವು’ ಎಂದು ಬರೆದೆ.

ಮೊದಲ ರಾತ್ರಿ ಸಾವಿರದ ನೂರು ಜನ.
ಬ್ರೆಡ್ಡಿನ ಚೀಲಗಳಲ್ಲಿ ನೋಟು ತುಂಬಿ ತಂದೆವು.
ಅಡುಗೆಮನೆಯ ಮೇಜಿಗೆ ಸುರುವಿ ಎಣಿಸುವಾಗ
ಡಾಲರಿಗೆ ಬೆವರಿನ ವಾಸನೆ, ಹಿಟ್ಟಿನ ವಾಸನೆ.
ಮರುವಾರ ಬ್ಯೂಕ್ ಕಾರು ಬಂತು, ತಿಳಿಹಸಿರು.
ಇದು ಬರೀ ಒಂದು ರಾತ್ರಿ ಮಾವಾ, ಅಂದೆ.
ರಾತ್ರಿಗಳಿಗೇನು ಬರವೇ, ಅಂದ.

ಅರವತ್ತೈದರ ಫೆಬ್ರವರಿ. ದೊಡ್ಡ ಗಾಯಕಿ.
ಅರ್ಧ ಮುಂಗಡ, ಅದಕ್ಕೆ ಮನೆಯ ಮೇಲೆ ಸಾಲ.
ಒಂಬೈನೂರ ನಾಲ್ಕು ಟಿಕೆಟ್ಟು ಆಗಲೇ ಹೋಗಿದ್ದವು,
ಒಂದಕ್ಕೆ ಎರಡೂವರೆ.
ಶನಿವಾರ ಬೆಳಿಗ್ಗೆ ಸರೋವರ ಎದ್ದು ಬಂದು
ಬೆಳ್ಳಗೆ ಊರಿನ ಮೇಲೆ ಕೂತಿತು.
ಬೆಳಗಿನ ಪಾಳಿಯವನು ಬರಲಾಗದೆ ಮಾವನೇ ಮೈಕಿನ ಮುಂದೆ.
ಮ್ಯಾನೇಜರು ಹಾಳೆ ತಂದಿಟ್ಟ: ಮುಚ್ಚಿದ ರಸ್ತೆಗಳು.
ಅದರ ಕೆಳಗೇ ಜಾಹೀರಾತು, ಮಾವನ ಕೈಬರಹ:
ಇಂದು ರಾತ್ರಿ ಎಂಟಕ್ಕೆ, ತಪ್ಪದೇ ಬನ್ನಿ.

ನಾನು ಗಾಜಿನ ಈಚೆ ನಿಂತಿದ್ದೆ.
ಒಂದು ರಸ್ತೆಯನ್ನೂ ಬಿಡಲಿಲ್ಲ ಅವನು.
ದನಿ ಒಂದೆಳೆ ಕದಲಲಿಲ್ಲ, ರೆಕಾರ್ಡು ಹೊಗಳುವ ಅದೇ ಜೇನು:
ದಯವಿಟ್ಟು ಮನೆಯಲ್ಲೇ ಇರಿ, ಯಾರೂ ಹೊರಡಬೇಡಿ.
ಗಂಟೆಗೆ ಎರಡು ಸಲ. ಸಂಜೆಯವರೆಗೆ.
ಜಾಹೀರಾತು ಮಡಚಿ ಕಿಸೆಗಿಟ್ಟುಕೊಂಡ.

ಬಂದವರು ಅರವತ್ತೊಂದು,
ಇಬ್ಬರು ಕಾಲಿಗೆ ಹಿಮದ ಹಲಗೆ ಕಟ್ಟಿಕೊಂಡು.
ಹಿಂದಿನ ದಿನವೇ ಬಂದಿಳಿದಿದ್ದ ಗಾಯಕಿ ಕೋಟು ಬಿಚ್ಚದೆ ಹಾಡಿದಳು,
ಉಳಿದರ್ಧ ಎಣಿಸಿಕೊಂಡಳು. ತಪ್ಪೇನು, ಅವಳದೂ ಹೊಟ್ಟೆ.

ಸೋಮವಾರ ಮಾವ ಗಾಳಿಯಲ್ಲಿ ಹೇಳಿಬಿಟ್ಟ:
ಟಿಕೆಟ್ಟು ತನ್ನಿ, ದುಡ್ಡು ಕೊಡುತ್ತೇನೆ, ಎಂದಾದರೂ.
ಆ ‘ಎಂದಾದರೂ’ ಒಂದನ್ನು ನನ್ನ ಕೇಳಿ ಹೇಳಬೇಕಿತ್ತು.

ಬ್ಯೂಕ್ ಹೋಯಿತು. ಮನೆ ಹೋಯಿತು.
ಸ್ಟೇಷನ್ನಿಗೆ ಹೊಸ ಮಾಲೀಕರು ಬಂದು ಕೆಲಸವೂ ಹೋಯಿತು.
ಕಾರ್ಪೆಟ್ಟಿನ ಅಂಗಡಿಯಲ್ಲಿ ಅಳತೆ ಹಿಡಿದ.
ಅಲ್ಲಿಗೂ ಬಂದರು, ಪರ್ಸಿನ ಮಡಿಕೆಯಿಂದ ಟಿಕೆಟ್ಟು ತೆಗೆದರು.
ಕೊರಳಲ್ಲಿ ಟೇಪು ಜೋತಿರುವಂತೆಯೇ ಎಣಿಸಿ ಕೊಟ್ಟ.
ಕೆಲವರು ಅವನ ದನಿ ಕೇಳಲಷ್ಟೇ ಬಂದವರು;
ದುಡ್ಡು ಬೇಡವೆಂದು ಮಾತ್ರ ಯಾರೂ ಅನ್ನಲಿಲ್ಲ.

ಅವನು ಸತ್ತಾಗ ಪುಸ್ತಕದಲ್ಲಿ ಬಾಕಿ ಇನ್ನೂರ ಆರು.
ಚರ್ಚಿನ ಮೆಟ್ಟಿಲ ಮೇಲೆ ಒಬ್ಬ ಮುದುಕ
ಟೊಪ್ಪಿ ತೆಗೆದು, ಒಳ್ಳೆಯ ಮನುಷ್ಯ ಅಂದು,
ಕೋಟಿನೊಳಗಿಂದ ಗುಲಾಬಿ ಬಣ್ಣದ ಚೀಟಿ ಹೊರತೆಗೆದ.
ನೆನಪಿಗೆಂದು ತೋರಿಸುತ್ತಿದ್ದಾನೆ ಅಂದುಕೊಂಡೆ.
ಚಾಚಿದ ಕೈ ಹಾಗೇ ಇತ್ತು.

ಎರಡೂವರೆ ಎಣಿಸಿ ಕೊಟ್ಟೆ.
ಇನ್ನೂರ ಐದು.